ಮುಯ್ಯಿ ತೀರಿಸಲಾಗದ ರಕ್ತ

ನನಗೆ ರಕ್ತ ಬೇಕಾದಾಗ ನನ್ನ ಬಳಗದ ಒಂಬತ್ತು ಮನೆಗಳಲ್ಲಿ ಒಬ್ಬರೂ ತೋಳು ಚಾಚಲಿಲ್ಲ. ನನಗಾದ ಅನ್ಯಾಯ ಇದು. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಈ ಅನ್ಯಾಯದ ಬೇರು ಎಲ್ಲಿತ್ತು ಎಂಬುದನ್ನು ಬರೆದು ಮುಗಿಸಿದ ಮೇಲೆ, ಇದೇ ಮಾತನ್ನು ಇಷ್ಟು ಗಟ್ಟಿಯಾಗಿ ಹೇಳುವ ಮುಖ ನನಗೆ ಉಳಿದಿರುವುದಿಲ್ಲ.

ನನ್ನ ಹುಟ್ಟೂರು ಆಳಂದ ತಾಲೂಕಿನ ನರೋಣಾ. ಬಳಗದ ಒಂಬತ್ತು ಮನೆಗಳೂ ಅಲ್ಲಿಯೇ ಇವೆ. ನೌಕರಿ ಮಾಡಿದ್ದು ಜೇವರ್ಗಿಯ ಕಡೆ. ಇಜೇರಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾ ಹನ್ನೊಂದು ವರ್ಷ ಮುಖ್ಯೋಪಾಧ್ಯಾಯನಾಗಿದ್ದೆ. ನಿವೃತ್ತಿಯ ನಂತರ ನಾನೂ ನನ್ನ ಹೆಂಡತಿ ಮಹಾದೇವಿಯೂ ಆಳಂದದಲ್ಲಿದ್ದೇವೆ. ನಮಗೆ ಮಕ್ಕಳಿಲ್ಲ. ಅಣ್ಣನ ಮಗ ಶರಣುವನ್ನು ಇಜೇರಿಯಲ್ಲಿ ಐದು ವರ್ಷ ನಮ್ಮ ಮನೆಯಲ್ಲಿಟ್ಟುಕೊಂಡು ಓದಿಸಿದೆವು. ಅವನಿಗೀಗ ನಲವತ್ತರ ಆಸುಪಾಸು. ನರೋಣಾದಲ್ಲಿ ಹೊಲ ನೋಡಿಕೊಂಡು ಗೊಬ್ಬರ, ಬೀಜದ ಅಂಗಡಿ ನಡೆಸುತ್ತಾನೆ.

ಕಾಯಿಲೆ ಬಂದದ್ದು ಎರಡು ವರ್ಷದ ಹಿಂದೆ. ಪೂಜೆ ಮಾಡುವಾಗ ಕೈಯಲ್ಲಿನ ಇಷ್ಟಲಿಂಗ ಅಲುಗತೊಡಗಿತು. ಬ್ಯಾಂಕಿನ ಆರು ಮೆಟ್ಟಿಲು ಏರಲು ಎರಡು ಕಡೆ ನಿಲ್ಲಬೇಕಾಯಿತು. ಅಲ್ಲಿ ನಿಂತಾಗ ಹಿಂದಿನವನೊಬ್ಬ "ಮಾಸ್ತರ, ಹಾದಿ ಬಿಡ್ರಿ" ಎಂದದ್ದು ನನಗೆ ನೆನಪಿದೆ. ಅವನು ಯಾರ ಮಗನೆಂಬುದೂ ನೆನಪಿದೆ. ಮಹಾದೇವಿ ಮಾತ್ರ ಮುಖ ನೋಡಿಯೇ ಹೇಳಿದ್ದಳು: "ಗ್ವಾಡಿಗಿ ಸುಣ್ಣ ಹಚ್ಚಿದ್ಹಂಗ ಆಗ್ಯಾದ ನಿಮ್ಮ ಮುಖ. ಸಿಟ್ಟು ಒಂದೇ ಕೆಂಪಗ ಉಳದದ." ನಾನು ಅವಳೊಡನೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಜಿಲ್ಲಾ ಕೇಂದ್ರದ ದವಾಖಾನೆಗೆ ಹೋದೆವು.

ಅಲ್ಲಿಯ ತರುಣ ವೈದ್ಯರು ನನ್ನ ಮುಖ ನೋಡಿದ್ದಕ್ಕಿಂತ ಕಂಪ್ಯೂಟರಿನ ಪರದೆ ನೋಡಿದ್ದೇ ಹೆಚ್ಚು. ಬೆನ್ನ ಕೆಳಗಿನ ಎಲುಬಿನಿಂದ ಸೂಜಿಯಲ್ಲಿ ಏನೋ ತೆಗೆದರು. ಹನ್ನೆರಡು ದಿನ ಕಾಯಿಸಿದರು. ಆಮೇಲೆ ಹೇಳಿದರು: ಎಲುಬಿನೊಳಗಿನ ಮಜ್ಜೆ ರಕ್ತ ಮಾಡುವ ಕೆಲಸವನ್ನು ಬಿಡುತ್ತಿದೆ, ಪೂರ್ತಿ ಗುಣಪಡಿಸುವ ಚಿಕಿತ್ಸೆಯನ್ನು ಈ ವಯಸ್ಸಿನ ದೇಹ ತಾಳುವುದಿಲ್ಲ, ಆದರೆ ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಂಡರೆ ಓಡಾಡಿಕೊಂಡು ಇರಬಹುದು.

ಮಹಾದೇವಿ ಕೇಳಿದಳು: "ಹೀಂಗ ಎಷ್ಟ್ ದಿನ್ರಿ ಸಾಹೇಬ್ರ?"

"ಇರೋತನಕ, ಅಮ್ಮಾ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ನಾನು ವೈದ್ಯರ ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ನೋಡುತ್ತಾ ಕುಳಿತೆ. ಪರರ ರಕ್ತದಿಂದ ಬದುಕಬೇಕೆಂಬ ಮಾತು ಆ ಗಳಿಗೆಯಲ್ಲಿ ಸಾವಿನ ಮಾತಿಗಿಂತ ಕಹಿಯಾಗಿ ಕೇಳಿಸಿತು. ಜೀವಮಾನದಲ್ಲಿ ಯಾರ ಹಂಗಿನಲ್ಲೂ ಇದ್ದವನಲ್ಲ ನಾನು.

ರಕ್ತನಿಧಿಯ ಕಿಟಕಿಯಲ್ಲಿದ್ದ ಹೆಣ್ಣುಮಗಳ ಹೆಸರು ಸುಜಾತಾ. ಮೊದಲ ದಿನವೇ ಅವಳು ಬಿಚ್ಚಿ ಹೇಳಿದಳು: "ನಿಮಗ ಇವತ್ತು ಕೊಡ್ತೀವ್ರಿ. ಆದ್ರ ಸ್ಟಾಕ್ ಭಾಳ ಕಮ್ಮಿ ಅದ. ನಿಮ್ಮವರು ಯಾರಾದ್ರೂ ಬಂದು ಕೊಟ್ರ ಮತ್ತೊಬ್ಬರಿಗಿ ಅನುಕೂಲ ಆಗ್ತದ. ಯಾವ ಗುಂಪಾದ್ರೂ ನಡೀತದ."

ಮಹಾದೇವಿ ಅಲ್ಲಿಯೇ ತೋಳು ಮುಂದೆ ಮಾಡಿದಳು. ಸುಜಾತಾ ನಕ್ಕಳು. "ನಿಮ್ಮ ವಯಸ್ಸು ದಾಟ್ಯದ ಅಮ್ಮಾ. ಅದೂ ಅಲ್ಲದ ನಿಮಗೇ ಯಾರಾದ್ರೂ ಕೊಡಬೇಕಾದ್ಹಂಗ ಅದೀರಿ."

ನಾನು ಅಭಿಮಾನದಿಂದ ಹೇಳಿದೆ: "ನಮ್ಮವರಿಗೇನು ಬರ ಇಲ್ಲ ತಂಗಿ. ಒಂಬತ್ತು ಮನಿ ಅವ."

ನಮ್ಮ ಕಡೆ ಮುಯ್ಯಿಯ ಪದ್ಧತಿಯಿದೆ. ನಿಮ್ಮ ತೊಗರಿಯ ರಾಶಿಗೆ ನಮ್ಮ ಮನೆಯಿಂದ ಮೂವರು ಬಂದರೆ, ನಮ್ಮ ರಾಶಿಗೆ ನಿಮ್ಮ ಮನೆಯಿಂದ ಮೂವರು ಬರಲೇಬೇಕು. ಯಾರೂ ಕೂಲಿ ಕೇಳುವುದಿಲ್ಲ. ಯಾರೂ ಮರೆಯುವುದೂ ಇಲ್ಲ. ನಾನು ಹೊಲದ ಕೆಲಸ ಮಾಡಿದವನಲ್ಲವಾದರೂ ಬಳಗಕ್ಕೆ ನನ್ನ ಮುಯ್ಯಿಯನ್ನು ಹಾಕುತ್ತಲೇ ಬಂದಿದ್ದೆ. ಅವರ ಅರ್ಜಿಗಳನ್ನು ಬರೆದೆ, ಮಕ್ಕಳನ್ನು ಓದಿಸಿದೆ, ಹೆಣ್ಣು ನೋಡುವಾಗ ಮುಂದೆ ನಿಂತು ಮಾತಾಡಿದೆ. ಅದೆಲ್ಲ ತಿರುಗಿ ಬರುವ ಕಾಲ ಈಗ ಬಂತೆಂದು ತಿಳಿದು ಒಂದೊಂದೇ ಮನೆಗೆ ಫೋನ್ ಮಾಡತೊಡಗಿದೆ.

ಬಂದ ಉತ್ತರಗಳನ್ನು ಅವರವರ ಮಾತಿನಲ್ಲೇ ಒಂದು ವಹಿಯಲ್ಲಿ ಬರೆದಿಟ್ಟೆ. ಒಬ್ಬ, "ಕಾಕಾ, ಬಿತ್ತಗಿ ಹೊತ್ತು, ಸೊಂಟ ಹಿಡದದ" ಎಂದ. ಇನ್ನೊಬ್ಬ, "ನಮ್ಮ ಮನ್ಯಾಕಿ ಬ್ಯಾಡ ಅನ್ನಾಕತ್ತಾಳ್ರಿ" ಎಂದ. ಮಿಕ್ಕ ಯಾವ ವಿಷಯದಲ್ಲೂ ಹೆಂಡತಿಯ ಮಾತು ಕೇಳಿದವನಲ್ಲ ಅವನು. ಮತ್ತೊಬ್ಬನ ಮನೆಯಲ್ಲಿ ಫೋನೆತ್ತಿದವರು ಅವನು ಊರಲ್ಲಿಲ್ಲವೆಂದರು. ಅವನ ಕೆಮ್ಮು ಹಿಂದಿನಿಂದ ಕೇಳಿಸುತ್ತಿತ್ತು. ಅಫಜಲಪುರ ತಾಲೂಕಿನ ಅತನೂರಿನಲ್ಲಿರುವ ಮಹಾದೇವಿಯ ತಮ್ಮ ಒಬ್ಬನೇ ಬಂದ. ಅವನ ರಕ್ತದೊತ್ತಡ ನೋಡಿ ದವಾಖಾನೆಯವರೇ ಹಿಂದಕ್ಕೆ ಕಳಿಸಿದರು.

ಮಹಾದೇವಿ ಹೇಳಿದಳು: "ನಿಮ್ಮ ದನಿ ಕೇಳಿದ್ರ ರಕ್ತ ಕೇಳಾಕತ್ತಾರೋ ಸಮನ್ಸ್ ಕಳಸಾಕತ್ತಾರೋ ತಿಳಿವಲ್ದು. ಜರಾ ಮೆತ್ತಗ ಕೇಳ್ರಿ."

"ಮುಯ್ಯಿ ಯಾರರ ಮೆತ್ತಗ ಕೇಳ್ತಾರೇನು?" ಎಂದೆ.

ಕೊನೆಗೆ ಶರಣು. ಅವನಿಗೆ ಫೋನ್ ಮಾಡಲಿಲ್ಲ. ಅವನು ಎದುರಿಗೇ ಇದ್ದ. ನನ್ನನ್ನು ದವಾಖಾನೆಗೆ ತನ್ನ ಗಾಡಿಯಲ್ಲಿ ಕರೆದೊಯ್ಯುತ್ತಿದ್ದವನು ಅವನೇ. ರಕ್ತ ಹನಿಯುವ ನಾಲ್ಕು ಗಂಟೆಯೂ ಹೊರಗೆ ಕೂರುತ್ತಿದ್ದ. ನಾನು ಕೇಳಿದಾಗ ಅವನು ನೆಲ ನೋಡಿದ.

"ಕಾಕಾ, ಅದೊಂದು ಬಿಟ್ಟು ಏನರ ಕೇಳ್ರಿ. ಹೊಲ ಬಿಟ್ಟು ಬರ್ತೀನಿ, ಇಲ್ಲೇ ಬಿದ್ದಿರ್ತೀನಿ. ಅದು ಮಾತ್ರ ನನ್ನ ಕೈಲಿ ಆಗಂಗಿಲ್ರಿ."

"ಯಾಕ?"

"ಆಗಂಗಿಲ್ರಿ."

ಆರಡಿ ಆಳು. ಗೊಬ್ಬರದ ಚೀಲವನ್ನು ಒಂದೇ ಹೆಗಲ ಮೇಲೆ ಹೊರುವವನು. ಐದು ವರ್ಷ ನಮ್ಮ ತಟ್ಟೆಯಲ್ಲಿ ಉಂಡವನು. ಅಂದಿನಿಂದ ನಾನು ಅವನ ಗಾಡಿ ಹತ್ತುವುದನ್ನು ಬಿಟ್ಟೆ. ಮುಂದಿನ ಐದು ಸಲ ಬಸ್ಸಿನಲ್ಲೇ ಹೋದೆ. ಅವನು ಬಸ್ಸಿನ ಹಿಂದೆ ಗಾಡಿ ತೆಗೆದುಕೊಂಡು ಬಂದು ದವಾಖಾನೆಯ ಗೇಟಿನ ಆಚೆ ನಿಲ್ಲುತ್ತಿದ್ದನೆಂದು ಮಹಾದೇವಿ ಹೇಳಿದಳು. ನಾನು ತಿರುಗಿ ನೋಡಲಿಲ್ಲ.

ಈ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಒಂದೆರಡು ಸಂಗತಿಗಳನ್ನು ಹೇಳದಿದ್ದರೆ ತಪ್ಪಾಗುತ್ತದೆ. ವಾರ್ಡಿನ ಹಿರಿಯ ನರ್ಸ್ ಮೊದಲ ದಿನ ನನಗೆ "ಏ ಅಜ್ಜಾ, ಸರದು ಕೂಡು" ಎಂದಿದ್ದಳು. "ಸರದು ಕೂಡ್ರಿ ಅನ್ನು" ಎಂದು ತಿದ್ದಿದ್ದೆ. ಶೀತಪೆಟ್ಟಿಗೆಯಿಂದ ಬಂದ ರಕ್ತ ನರಕ್ಕಿಳಿಯುವಾಗ ಮೊಳಕೈಯಿಂದ ಹೆಗಲಿನವರೆಗೆ ಕೊರೆಯುತ್ತದೆ. ಅವಳೇ ತನ್ನೆರಡು ಅಂಗೈ ಉಜ್ಜಿ ಬಿಸಿ ಮಾಡಿ ನನ್ನ ತೋಳಿನ ಮೇಲಿಡುತ್ತಿದ್ದಳು. "ಈಗ ಬೆಚ್ಚಗ ಅನಸಾಕತ್ತೇದೇನ್ರಿ, ಅಜ್ಜಾವರ?" ಎಂದು ಆ 'ರಿ'ಯನ್ನು ಸ್ವಲ್ಪ ಎಳೆದು ಕೇಳುತ್ತಿದ್ದಳು. ಎರಡನೆಯ ಗಂಟೆಯ ಹೊತ್ತಿಗೆ ಉಗುರುಗಳ ಬಣ್ಣ ತಿರುಗುತ್ತಿತ್ತು. ಮರುದಿನ ಮನೆಯಲ್ಲಿ ರೊಟ್ಟಿಯ ರುಚಿ ಮತ್ತೆ ನಾಲಿಗೆಗೆ ಬರುತ್ತಿತ್ತು. ಯಾರದೋ ತೋಳಿನಿಂದ ಬಂದ ರುಚಿ.

ಆ 'ಯಾರದೋ' ಎಂಬುದೇ ನನಗೆ ಸಹಿಸಲಾಗದ್ದು. ಏಳನೆಯ ಸಲ ಕಿಟಕಿಯಲ್ಲಿ ನಿಂತು ಸುಜಾತಾಳನ್ನು ಕೇಳಿದೆ: "ನನಗ ಕೊಟ್ಟವರ ಹೆಸರು, ಊರು ಬೇಕು. ನಾ ಮುಯ್ಯಿ ಇಟ್ಕೊಳ್ಳಂವ ಅಲ್ಲ."

"ಹೆಸರು ಹೇಳಾಕ ಬರಂಗಿಲ್ರಿ. ಚೀಲದ ಮ್ಯಾಲ ನಂಬರ್ ಅಷ್ಟೇ ಇರ್ತದ."

"ಊರರ ಹೇಳು. ಮನಿತನರ ಹೇಳು."

ಅವಳು ನನ್ನ ಮುಖವನ್ನು ನೇರವಾಗಿ ನೋಡಿದಳು. "ಮನಿತನ ಗೊತ್ತಾದ್ರ ಏನ್ ಮಾಡ್ತೀರಿ ಸರ್? ಒಳಗ ಹೋಗಿದ್ದು ಹೊರಗ ತಗಸ್ತೀರೇನು?"

ನಾನು ಕೇಳಿದ್ದು ಮುಯ್ಯಿಗಾಗಿ ಮಾತ್ರವೇ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಈಗ ಬರೆಯುವಾಗ ಅಷ್ಟು ಖಚಿತವಿಲ್ಲ. ಕುಲ ಕೇಳಬಾರದೆಂಬ ಶರಣರ ಮಾತನ್ನು ತರಗತಿಯಲ್ಲಿ ಬಾಯಿಪಾಠ ಮಾಡಿಸಿದವನು ನಾನು. ಕಿಟಕಿ ಬಿಟ್ಟು ಬದಿಯ ಕೋಣೆಯ ಕಡೆ ತಿರುಗಿದೆ.

ಆ ಕೋಣೆಯಲ್ಲಿ, ರಕ್ತ ಕೊಟ್ಟವರು ದಣಿವಾರಿಸಿಕೊಳ್ಳುವ ಬೆಂಚಿನ ಮೇಲೆ, ಒಬ್ಬ ಮನುಷ್ಯ ಮೊಳಕೈ ಮಡಚಿಕೊಂಡು ಬಿಸ್ಕೀಟು ತಿನ್ನುತ್ತಿದ್ದ. ನನ್ನನ್ನು ಕಂಡ ತಕ್ಷಣ ಎದ್ದು ನಿಂತ. ಬಿಸ್ಕೀಟನ್ನು ಬೆನ್ನ ಹಿಂದೆ ಹಿಡಿದ.

"ಸರ್. ನೀವೇನ್ರಿ ಇಲ್ಲಿ?"

ಇಜೇರಿ ಶಾಲೆಯ ಸಿಪಾಯಿ ಭೀಮರಾಯ. ಹನ್ನೊಂದು ವರ್ಷ ನನ್ನ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಕುಳಿತು ಗಂಟೆ ಬಾರಿಸಿದವನು. ನಾನು ನಿವೃತ್ತನಾಗಿ ಹೋದ ಮೇಲೆ ಅವನನ್ನು ನೋಡಿರಲಿಲ್ಲ.

"ಕೂಡು" ಎಂದೆ. "ನಿನಗೇನಾಗ್ಯದ?"

"ನನಗೇನಾಗ್ಯದ ಸರ್? ಗುಂಡಕಲ್ಲ ಇದ್ದಂಗ ಇದ್ದೀನಿ. ಮೂರು ತಿಂಗಳಿಗೊಮ್ಮೆ ಬರ್ತೀನ್ರಿ ಇಲ್ಲಿ. ಸುಜಾತಾ ಮೇಡಮ್ಮೋರು ಫೋನ್ ಮಾಡ್ತಾರ, ನಾ ಮುಂಜಾನಿ ಬಸ್ ಹಿಡೀತೀನಿ. ಬಿಸ್ಕೀಟು ಫುಕಟ್ ಸಿಗ್ತದ."

ನಾನು ಏಕೆ ಬಂದಿದ್ದೇನೆಂದು ಹೇಳಿದೆ. ಅವನು ತನ್ನ ಮೊಳಕೈಯ ಹತ್ತಿಯನ್ನು ಒಮ್ಮೆ ನೋಡಿಕೊಂಡ. ಅವನು ಅಂದು ಕೊಟ್ಟದ್ದು ಪರೀಕ್ಷೆಯಾಗಿ ಮುಂದೆ ಯಾರಿಗೆ ಹೋಯಿತೋ ಗೊತ್ತಿಲ್ಲ. ಅದಕ್ಕೆ ಮುಂಚಿನ ಯಾವುದಾದರೂ ಚೀಲ ನನಗೆ ಬಂದಿತ್ತೋ ಅದೂ ಗೊತ್ತಿಲ್ಲ. ಗೊತ್ತಾಗುವಂತೆಯೂ ಇಲ್ಲ. ಆದರೆ ನನ್ನ ಮೈಯೊಳಗೆ ಹರಿಯುವುದಕ್ಕೆ ಒಂದು ಮುಖ ಬಂದಂತಾಯಿತು. ಆ ಮುಖವನ್ನು ನಾನು ಒಮ್ಮೆ ಕೆಡಿಸಿದ್ದೆ.

ಇಪ್ಪತ್ತಾರು ವರ್ಷದ ಹಿಂದಿನ ಮಾತು. ಭೀಮರಾಯನ ಹೆಂಡತಿಗೆ ಹೆರಿಗೆಯಲ್ಲಿ ರಕ್ತ ಹೋಗಿ, ಇದೇ ಊರಿನ ದವಾಖಾನೆಯಲ್ಲಿ ಯಾರೋ ಕೊಟ್ಟ ಎರಡು ಬಾಟಲಿಯಿಂದ ತಾಯಿಮಗು ಉಳಿದಿದ್ದರು. ಮರುವರ್ಷ ಅವನು ಊರಿನ ತರುಣರನ್ನು ಕೂಡಿಸಿಕೊಂಡು ರಕ್ತದಾನ ಶಿಬಿರವಿಟ್ಟ. ಶಾಲೆಯ ಹಾಲ್ ಕೇಳಿದ, ಕೊಡುತ್ತೇನೆಂದೆ. ಆಮೇಲೆ ಆಹ್ವಾನ ಪತ್ರಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಮೊದಲ ಹೆಸರು ಬೇಳೆ ಮಿಲ್ಲಿನ ಮಾಲೀಕರದು. ಎರಡನೆಯದು ಪಂಚಾಯಿತಿ ಅಧ್ಯಕ್ಷರದು. ಮೂರನೆಯದು ನನ್ನದು, ಅದೂ ಸಣ್ಣ ಅಕ್ಷರದಲ್ಲಿ, 'ಉಪಸ್ಥಿತಿ' ಎಂಬ ಮಾತಿನ ಕೆಳಗೆ. ಯಾರ ಶಾಲೆಯಲ್ಲಿ ಸಭೆಯೋ ಅವನು ಬರೀ ಉಪಸ್ಥಿತ.

ಶಿಬಿರದ ದಿನ ನಾನು ಹಾಲಿಗೆ ಬೀಗ ಹಾಕಿಸಿದೆ. ಬೀಗ ಹಾಕಿದವನು ಭೀಮರಾಯನೇ. ಅವನ ನೌಕರಿಯೇ ಅದು. ವ್ಯಾನಿನಲ್ಲಿ ಬಂದವರು ಕಂಪೌಂಡಿನ ಆಚೆ ಬೇವಿನ ಗಿಡದ ಕೆಳಗೆ ಎರಡು ಮಂಚ ಹಾಕಿಕೊಂಡು ಮಧ್ಯಾಹ್ನದವರೆಗೆ ಕಾದು ಹೋದರು. ಇಷ್ಟೂ ನನಗೆ ನೆನಪಿತ್ತು; ಆದರೆ ನನಗಾದ ಅವಮಾನವಾಗಿ ನೆನಪಿತ್ತು.

"ಭೀಮರಾಯ, ಇದಕ್ಕ ನಾ ಹ್ಯಾಂಗ ಮುಯ್ಯಿ ತೀರಸ್ಲಿ?" ಎಂದೆ.

"ಇದಕ್ಕ ಮುಯ್ಯಿ ಇಲ್ರಿ ಸರ್. ನಮ್ಮ ಮನ್ಯಾಕಿಗಿ ಕೊಟ್ಟವರು ಯಾರು, ನನಗ ಇವತ್ತಿಗೂ ಗೊತ್ತಿಲ್ಲ. ಹೆಸರು ಗೊತ್ತಿದ್ರ ಒಂದ್ ಸಲ ಹೊಳ್ಳಿ ಕೊಟ್ಟು ಕೈ ತೊಳಕೋತಿದ್ದೆ. ಗೊತ್ತಿಲ್ಲಂತೇ ಕೊಡ್ತಾ ಹೊಂಟೀನಿ. ಎದುರಿಗಿ ಬಂದವರೆಲ್ಲ ಅವರೇ ಇರಬೌದು, ಅಲ್ರಿ?"

ಬೀಗದ ಮಾತನ್ನು ನಾನೇ ತೆಗೆದೆ. ಅವನು ತಲೆ ಕೆರೆದುಕೊಂಡ. "ಬೀಗದ್ದೇನು ಬಿಡ್ರಿ, ಗಿಡದ ನೆಳ್ಳ ಛಂದಿತ್ತು. ಆದ್ರ ನೀವು ಪ್ರಾರ್ಥನಾದಾಗ ಹುಡುಗರಿಗಿ ಹೇಳಿದ ಮ್ಯಾಲ ಮಂದಿ ಗಿಡದ ಕೆಳಗಿಂದ ಎದ್ದು ಹೋದ್ರು ನೋಡ್ರಿ, ಅದಕ್ಕ ಜರಾ ಬ್ಯಾಸರ ಆಗಿತ್ತು."

"ಪ್ರಾರ್ಥನಾದಾಗ ನಾ ಏನ್ ಹೇಳಿದ್ದೆ?"

"ಹೋಗ್ಲಿ ಬಿಡ್ರಿ ಸರ್. ಹಳೇ ಮಾತು." ಬಸ್ಸಿನ ಹೊತ್ತಾಯಿತೆಂದು ಅವನು ಎದ್ದ.

ನನಗೆ ನಿಜವಾಗಿಯೂ ನೆನಪಿರಲಿಲ್ಲ. ಇತರರು ನನಗೆ ಅಂದದ್ದನ್ನೆಲ್ಲ ದಿನ, ವಾರ ಸಹಿತ ಇಟ್ಟುಕೊಂಡ ತಲೆಯಲ್ಲಿ, ನಾನು ಅಂದ ಆ ಮಾತಿಗೆ ಜಾಗವಿರಲಿಲ್ಲ. ಅಂದು ರಕ್ತ ಹಾಕಿಸಿಕೊಂಡು ಹೊರಗೆ ಬಂದಾಗ, ಐದು ಸಲದ ಹಠ ಬಿಟ್ಟು, ಗೇಟಿನ ಆಚೆ ನಿಂತಿದ್ದ ಶರಣುವಿನ ಗಾಡಿ ಹತ್ತಿದೆ. ಆ ಶಿಬಿರದ ವರ್ಷ ಅವನು ಅದೇ ಶಾಲೆಯ ಒಂಬತ್ತನೆಯ ತರಗತಿಯಲ್ಲಿದ್ದ.

ಊರು ದಾಟಿದ ಮೇಲೆ ಕೇಳಿದೆ: "ಶರಣು, ಇಜೇರಿ ಸಾಲ್ಯಾಗ ನಾ ಪ್ರಾರ್ಥನಾದಾಗ ರಕ್ತದ ಸುದ್ದಿ ಏನರ ಹೇಳಿದ್ದೆನೇನು?"

ಅವನು ಗಾಡಿಯನ್ನು ನಿಧಾನ ಮಾಡಿದ. ರಸ್ತೆಯ ಬದಿಗೆ ನಿಲ್ಲಿಸಿದ. ಆಮೇಲೆ, ಪಾಠ ಒಪ್ಪಿಸುವವನಂತೆ, ನನ್ನದೇ ಶುದ್ಧ ಕನ್ನಡದಲ್ಲಿ, ನನ್ನದೇ ಏರಿಳಿತದಲ್ಲಿ ಹೇಳಿದ:

"'ಮಕ್ಕಳೇ, ಒಂದು ಬಾಟಲಿ ರಕ್ತ ದೇಹದಿಂದ ಹೋದರೆ ಅದು ಮರಳಿ ತುಂಬಲು ವರ್ಷಗಳೇ ಬೇಕು. ದುಡಿಯುವ ಗಂಡಸು ಒಮ್ಮೆ ರಕ್ತ ಕೊಟ್ಟರೆ ಮೊದಲಿನಂತೆ ಆಗುವುದಿಲ್ಲ. ಮನೆಗೆ ಹೋಗಿ ನಿಮ್ಮ ತಂದೆಯವರಿಗೆ ತಿಳಿಸಿರಿ.'"

ಮಹಾದೇವಿ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡಳು.

"ನೀವು ತಿಳಿಸ್ರಿ ಅಂದಿದ್ರಿ, ನಾ ತಿಳಿಸಿದೆ," ಎಂದ ಶರಣು. "ದೀಪಾವಳಿ ರಜಾಕ್ಕ ನರೋಣಾಕ್ಕ ಬಂದಾಗ ನಮ್ಮ ಒಂಬತ್ತೂ ಮನಿಗಿ ಹೇಳಿದೆ. ಸಣ್ಣಕಾಕಾ ವಿಜ್ಞಾನದ ಮಾಸ್ತರ, ಅವರೇ ಹೇಳ್ಯಾರ ಅಂತ. ನಿಮ್ಮ ಮಾತಂದ್ರ ನಮ್ಮ ಮನ್ಯಾಗ ಹಂಗ ನಡೀತದ್ರಿ."

"ಮತ್ತ ನಾ ಕೇಳಿದಾಗ ಇದನ್ನ ಯಾಕ ಹೇಳಲಿಲ್ಲ?"

"ಬ್ಯಾನಿ ಬಿದ್ದವರಿಗಿ ಅವರ ಮಾತೇ ಹೊಳ್ಳಿಸಿ ಹ್ಯಾಂಗ ಹೇಳ್ಲಿ ಕಾಕಾ? ಸೊಂಟ ನೋವು ಅಂದ್ರ ನೀವು ನಮಗ ಬೈತೀರಿ. ಇದನ್ನ ಅಂದ್ರ ನಿಮಗ ನೀವೇ ಬೈಕೋತೀರಿ."

ಪ್ರಾರ್ಥನೆಯಲ್ಲಿ ನಾನಾಡಿದ ಆ ಮಾತು ಸುಳ್ಳೆಂದು ಅದನ್ನು ಆಡುವಾಗಲೇ ನನಗೆ ಗೊತ್ತಿತ್ತು. ಆರೋಗ್ಯವಂತನ ದೇಹ ಕೊಟ್ಟದ್ದನ್ನು ತಾನೇ ತುಂಬಿಕೊಳ್ಳುತ್ತದೆಂದು ಅದೇ ವರ್ಷ ಹಲಗೆಯ ಮೇಲೆ ಬರೆದು ಕಲಿಸಿದ್ದೆ. ಪತ್ರಿಕೆಯಲ್ಲಿ ನನ್ನ ಹೆಸರು ಎರಡು ಸಾಲು ಕೆಳಗಿಳಿಯಿತೆಂಬ ಒಂದೇ ಕಾರಣಕ್ಕೆ, ಕಲಿಸಿದ್ದನ್ನು ನಾನೇ ಅಳಿಸಿದೆ. ಬೇವಿನ ಗಿಡದ ಕೆಳಗಿಂದ ಎಷ್ಟು ಜನ ಎದ್ದು ಹೋದರೋ, ಅವರ ರಕ್ತಕ್ಕಾಗಿ ಯಾವ ಯಾವ ಬೆಂಚಿನ ಮೇಲೆ ಯಾರು ಕಾದರೋ, ಕಾದವರೆಲ್ಲ ಮನೆಗೆ ಮರಳಿದರೋ ಇಲ್ಲವೋ! ಮನೆಗೆ ಬಂದು ಆ ವಹಿಯನ್ನು ತೆಗೆದೆ. ಒಂಬತ್ತು ಉತ್ತರಗಳನ್ನೂ ಮತ್ತೊಮ್ಮೆ ಓದಿದೆ. ಒಂಬತ್ತರಲ್ಲೂ ನನ್ನ ಅಕ್ಷರ ಮಾತ್ರವಲ್ಲ, ನನ್ನ ದನಿಯೂ ಇತ್ತು.

ಕಳೆದ ತಿಂಗಳು ಭೀಮರಾಯ ಇಜೇರಿಯಲ್ಲಿ ಮತ್ತೆ ಶಿಬಿರವಿಟ್ಟ. ಪತ್ರಿಕೆ ಅಚ್ಚಿಗೆ ಕೊಡುವ ಮುಂಚೆ ಫೋನ್ ಮಾಡಿದ: "ಸರ್, ಈ ಸಲ ನಿಮ್ಮ ಹೆಸರು ಎಲ್ಲಿ ಹಾಕ್ಲಿ? ಮೊದಲೇ ಕೇಳಿದ್ರ ಛಲೋ ಅಂತ." ಅವನು ನಗುತ್ತಿದ್ದನೋ ಇಲ್ಲವೋ ತಿಳಿಯಲಿಲ್ಲ. ಎಲ್ಲಿಯೂ ಹಾಕಬೇಡವೆಂದೆ.

ಆದರೂ ಹೋದೆ. ಹಾಲಿನ ಬೀಗ ತೆಗೆದಿತ್ತು. ಈಗಿನ ಮಕ್ಕಳ ತಂದೆಯಂದಿರಲ್ಲಿ ಕೆಲವರು ಅಂದು ನನ್ನೆದುರು ಸಾಲಿನಲ್ಲಿ ನಿಂತ ಹುಡುಗರೇ. ಕುರ್ಚಿ ಹಿಡಿದು ನಿಂತು, ಅಂದಿನ ನನ್ನ ಮಾತನ್ನು ಅಕ್ಷರ ಬಿಡದೆ ಹೇಳಿ, ಅದು ಸುಳ್ಳೆಂದು ಹೇಳಿದೆ. ಏಕೆ ಹೇಳಿದ್ದೆನೆಂಬುದನ್ನೂ ಹೇಳಿದೆ. ಹಿಂದಿನ ಸಾಲಿನಲ್ಲಿ ಒಬ್ಬ ಮೆಲ್ಲಗೆ, "ಪತ್ರಿಕಾದಾಗಿನ ಹೆಸರಿಗೇನ್ರಿ ಇಷ್ಟೆಲ್ಲ?" ಎಂದ. ಅವನ ಮುಖವನ್ನು ಗುರುತಿಟ್ಟುಕೊಳ್ಳಲಿಲ್ಲ. ಅವನು ಕೇಳಿದ್ದು ಸರಿಯಾಗಿತ್ತು.

ಕೆಲವರು ಎದ್ದು ಮಂಚದ ಕಡೆ ಹೋದರು. ಶರಣುವೂ ಹೋದ. ಅರ್ಜಿ ತುಂಬಿದ, ತೂಕ ನೋಡಿಸಿದ, ಅಂಗಿಯ ತೋಳು ಮಡಚಿ ಮಲಗಿದ. ಸೂಜಿ ಕಂಡಾಗ ಎದ್ದು ಹೊರಗೆ ಬಂದುಬಿಟ್ಟ. ಬೇವಿನ ಗಿಡದ ಕೆಳಗೆ ಮುಖಕ್ಕೆ ನೀರು ಹಾಕಿಕೊಳ್ಳುತ್ತಾ, "ಕಾಕಾ, ನೀವು ಸುಳ್ಳು ಅಂದಿದ್ದು ಈ ಕಿವಿಗಿ ಕೇಳಸ್ತು. ಆದ್ರ ಮಲಗಿದ ಕೂಡ್ಲೇ ಆಗಿನ ದನಿನೇ ದೊಡ್ಡದಾಗ್ತದ್ರಿ" ಎಂದ. ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ.

ಇನ್ನು ಹನ್ನೊಂದು ದಿನಕ್ಕೆ ನಾನು ಮತ್ತೆ ಆ ಕಿಟಕಿಯ ಮುಂದೆ ನಿಲ್ಲಬೇಕು. ಹೆಸರು ಕೇಳುವುದಿಲ್ಲ. ನನ್ನ ವಯಸ್ಸಿನಲ್ಲಿ, ಈ ಮಜ್ಜೆಯಿಂದ, ಯಾರಿಗೂ ಏನನ್ನೂ ತಿರುಗಿ ಕೊಡಲಾರೆ. ಕೊಡಬಹುದಾದದ್ದು ಈ ನಾಚಿಕೆಯ ಮಾತೊಂದೇ. ಮೊದಲ ಹೊಣೆ ನನ್ನದೆಂದು ಒಪ್ಪಿದ್ದೇನೆ. ಆದ್ದರಿಂದಲೇ ನರೋಣಾದ ಒಂಬತ್ತು ಮನೆಯವರನ್ನೂ, ಅಂದು ಆ ಸಾಲಿನಲ್ಲಿ ನಿಂತು ನನ್ನ ಮಾತನ್ನು ಮನೆಗೆ ಹೊತ್ತೊಯ್ದವರೆಲ್ಲರನ್ನೂ ಕೇಳುತ್ತೇನೆ: ಸಿಟ್ಟಿನಲ್ಲಿ ಆಡಿದ ನನ್ನ ಸುಳ್ಳನ್ನು ನೀವು ಒಂದೇ ಮುಂಜಾನೆಯಲ್ಲಿ ನಂಬಿದಿರಿ, ನಾಚಿಕೆಯಿಂದ ಆಡುತ್ತಿರುವ ಈ ನಿಜವನ್ನು ನಂಬಲು ನಿಮಗೆ ಇನ್ನೆಷ್ಟು ವರ್ಷ ಬೇಕು?